ಉಬ್ಬರದಲ್ಲಿ ತೆರೆದ ಬಾಗಿಲು

ನಗುವವರು ಈಗಲೇ ನಕ್ಕುಬಿಡಿ. ಆಮೇಲೆ ಹಿತ್ತಲಿಗೆ ಹೋಗೋಕೆ ಜೊತೆಗೆ ಬಾ ಅಂತ ನನ್ನ ಮಾತ್ರ ಎಬ್ಬಿಸಬೇಡಿ.

ಆವತ್ತು ರಾತ್ರಿ ಚಿಕ್ಕಪ್ಪ ಮತ್ತು ಅವರ ಕಿರಿಯ ಮಗ ಪಾಳು ಬಾವಿ ದಾಟಿ ಮನೆಗೆ ಬರುತ್ತಿದ್ದರು. ಆ ಮಗ ಬಡಗಿ, ನನಗೆ ಅಣ್ಣನಾಗಬೇಕು. ನಮ್ಮ ಕಾಲುವೆ ಸಮುದ್ರ ಸೇರುವ ಕಡೆ ಹಳೇ ಕಟ್ಟೆಯೊಂದಿದೆ. ದೋಣಿ ಒಳಗೆ ಬಿಡಲು, ಉಪ್ಪುನೀರು ತಡೆಯಲು ಅದಕ್ಕೆ ಮರದ ದೊಡ್ಡ ಬಾಗಿಲು. ವರ್ಷಗಟ್ಟಲೆ ಹೂಳಿನಲ್ಲಿ ಮುಚ್ಚಿಹೋಗಿತ್ತು. ಈಗ ಹೂಳು ಎತ್ತಿ, ಅಣ್ಣನ ಕೈಯಲ್ಲೇ ಹೊಸ ಬಾಗಿಲು ಮಾಡಿಸಿದರು. ಅದನ್ನು ತೋರಿಸಲು ಅಣ್ಣ ಚಿಕ್ಕಪ್ಪನನ್ನು ಬಲವಂತವಾಗಿ ಕರೆದೊಯ್ದಿದ್ದ.

ಯಾಕೆ ಬಲವಂತ ಅಂದರೆ... ಹಿಂದೆ ಅಲ್ಲಿ ಬಾಗಿಲು ಕಾಯುತ್ತಿದ್ದವರೇ ಚಿಕ್ಕಪ್ಪ. ಉಬ್ಬರ ಏರಿದ ಮೇಲೆ ಯಾರಿಗಾಗಿಯೂ ತೆಗೆಯುವಂತಿಲ್ಲ, ತೆಗೆದರೆ ಊರಿಗೇ ಉಪ್ಪುನೀರು. ಒಂದು ಬಿರುಗಾಳಿಯ ರಾತ್ರಿ ಅವರ ಹಿರಿಯ ಮಗ ತಡವಾಗಿ ಬಂದ. ಹೊರಗೆ ದೋಣಿಯಲ್ಲಿ ನಿಂತು, ಕೈಲಿದ್ದ ಹುಟ್ಟುಗೋಲಿನಿಂದ ಬಾಗಿಲು ಬಡಿದ. ಚಿಕ್ಕಪ್ಪ ತೆಗೆಯಲಿಲ್ಲ. ಊರು ಉಳಿಯಿತು, ಮಗ ಉಳಿಯಲಿಲ್ಲ. ಆಮೇಲೆ ಚಿಕ್ಕಮ್ಮ ಬದುಕಿರುವವರೆಗೂ ಗಂಡನಿಗೆ ಅನ್ನ ಬಡಿಸಿದಳು, ಒಂದು ಮಾತು ಬಡಿಸಲಿಲ್ಲ.

ಬಾವಿ ದಾಟಿದರು. ಹಿಂದಿನಿಂದ... ಠಕ್. ಒದ್ದೆ ಮರದ ಮೇಲೆ ಮರ ಬಿದ್ದ ಸದ್ದು. ಸ್ವಲ್ಪ ಹೊತ್ತು ಬಿಟ್ಟು... ಠಕ್.

"ನಡಿಯಪ್ಪಾ, ಹೊಸ ಮರ, ನೀರು ಕುಡಿದು ಹಿಗ್ತಿದೆ" ಅಂದ ಅಣ್ಣ, ಪಿಸುಗುಟ್ಟಿ.

"ಬಡಗಿ ಅಂತೆ ಬಡಗಿ! ಹಿಗ್ಗೋ ಮರ ಕಿರುಗುಟ್ಟುತ್ತೆ ಕಣೋ. ಇದು ಹುಟ್ಟುಗೋಲಿನ ಏಟು."

ಚಿಕ್ಕಪ್ಪ ಕಟ್ಟೆಯ ಕಡೆ ತಿರುಗಿ ಓಡಿದರು. ಆ ಮಂಡಿನೋವಿನಲ್ಲಿ!

"ಅಪ್ಪಾ, ಉಬ್ಬರ ಏರಿದೆ. ತೆಗೆಯೋ ಹಾಗಿಲ್ಲ!"

"ಆವತ್ತು ನಾನೂ ಅದನ್ನೇ ಹೇಳಿದ್ದು."

ಬಾಗಿಲು ತಳ್ಳಲು ಮೇಲೆ ಉದ್ದನೆಯ ತೊಲೆ ಇದೆ. ಚಿಕ್ಕಪ್ಪ ಅದಕ್ಕೆ ಬೆನ್ನು ಕೊಟ್ಟರು. ಹೊರಗೆ ಅಷ್ಟು ನೀರು ಒತ್ತುತ್ತಿರುವಾಗ ಊರಿಗೂರೇ ತಳ್ಳಿದರೂ ಅದು ಅಲುಗುವುದಿಲ್ಲ. ಅಣ್ಣ ಕೆಳಗೇ ಟಾರ್ಚು ಹಿಡಿದು ನಿಂತ, ಮೇಲೆ ಹತ್ತಲೇ ಇಲ್ಲವಂತೆ.

ಕರ್ ರ್ ರ್... ಬಾಗಿಲು ಸರಿಯಿತು. ಒಂದಾಳು ನುಸುಳುವಷ್ಟು. ನೀರು ನುಗ್ಗಲಿಲ್ಲ. ಒಳಗಿನ ಕಾಲುವೆಯ ನೀರು ಕದಲಲೂ ಇಲ್ಲ. ಹೊರಗೆ ದೋಣಿ ಇರಲಿಲ್ಲ, ಯಾರೂ ಇರಲಿಲ್ಲ.

"ಬಂದ್ಯಾ ಮಗಾ... ತುಂಬಾ ಕಾಯಿಸಿಬಿಟ್ನಲ್ಲೋ..."

ಬಡಿತ ನಿಂತಿತು. ಚಿಕ್ಕಪ್ಪ ಅಲ್ಲೇ ಕೂತು ಅತ್ತರು. ಚಿಕ್ಕಮ್ಮ ಸತ್ತಾಗಲೂ ಅತ್ತವರಲ್ಲ.

ಗಾಳಿಗೆ ಸರಿದಿರಬೇಕು ಅಂತ ನನ್ನ ಗಂಡ ಈಗಲೂ ಹೇಳುತ್ತಾರೆ. ಮಗು ಅತ್ತರೂ ಎಚ್ಚರವಾಗದ ಮನುಷ್ಯ, ಇವರಿಗೇನು ಗೊತ್ತು? ಬೆಳಗ್ಗೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಾನೇ ಹೋಗಿ ನೋಡಿದೆ. ಹಿಂದಿನ ಸಂಜೆ ತೊಲೆಗೆ ಬಳಿದಿದ್ದ ಟಾರು ಆರಿರಲಿಲ್ಲ. ತೊಲೆಯ ಮೇಲೆ ಚಿಕ್ಕಪ್ಪನ ಬೆನ್ನಿನ ಗುರುತು ಇತ್ತು. ಅದಕ್ಕೆ ತಾಗಿಕೊಂಡೇ, ಅವರದಕ್ಕಿಂತ ನಾಲ್ಕು ಬೆರಳು ಎತ್ತರಕ್ಕೆ, ಇನ್ನೊಂದು ಬೆನ್ನಿನ ಗುರುತು.

ಅಣ್ಣನ ಆ ರಾತ್ರಿಯ ಅಂಗಿ ಒಗೆದವಳು ನಾನೇ. ಒಂದು ಚುಕ್ಕೆ ಟಾರೂ ಇರಲಿಲ್ಲ.