ಗೋಣು ಹಾಕಿದ ಮಗಳು

ಬನಹಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕದಲ್ಲಿ ತಾಯಿ, ಮಗಳು ಕೂತಿದ್ದರು. ತಾಯಿಯ ಸೆರಗಿಗೆ ಪವರ್‌ಲೂಮಿನ ನೂಲಿನ ಧೂಳು ಅಂಟಿತ್ತು.

“ಆ ಪುಸ್ತಕ ಎಷ್ಟ ಸಲ ತಗದು ಮುಚ್ಚತಿ, ದಾನೇಶ್ವರಿ?”

“ನಾಳಿ ಎಂ.ಎ. ಇಂಗ್ಲಿಷಿನ ವೈವಾ ಐತಿ ಬೇ. ಅಂಜಿಕಿ ಬರಾಕತ್ತೈತಿ.”

“ಓದಿಲ್ಲೇನು?”

“ಓದೀನಿ, ಅದಕ್ಕ ಅಂಜಿಕಿ. ಈ ಕಾದಂಬರ್ಯಾಗ ಒಬ್ಬಾಕಿ ಓದಾಕ ಪರದೇಶಕ್ಕ ಹೋಗತಾಳ. ತಿರುಗಿ ಬಂದ್ರ ಅವ್ವನ ಮಾತ ಆಕಿಗಿ ತಿಳಿಯಂಗಿಲ್ಲ.”

“ನೀ ಧಾರವಾಡಕ್ಕ ಹೋಗೀದಿ, ಅಷ್ಟ.”

“ನಿನ್ನಿ ಮಗ್ಗದ ಮುಂದ ನಿಂತು ಏನೋ ಕೇಳಿದಿ. ತಿಳೀಲಿಲ್ಲ. ಸುಮ್ಮನ ಗೋಣ ಹಾಕಿದ್ನಿ.”

“ಆ ಸಪ್ಪಳದಾಗ ಯಾರಿಗಿ ಕೇಳತೈತಿ?”

“ಸಣ್ಣಾಕಿದ್ದಾಗ ನಿನ್ನ ತುಟಿ ನೋಡಿದ್ರ ಸಾಕಿತ್ತಲ್ಲಬೇ.”

ತಾಯಿ ಸೆರಗಿನ ಧೂಳು ಕೊಡವಿದಳು.

“ಉಂಡೇನ ಅಂತ ಕೇಳಿದ್ನೆವ್ವಾ. ಗೋಣ ಹಾಕಿದಿ ಅಂತ ಅಡಗಿ ಮುಚ್ಚಿಟ್ಟಿನಿ.”

ಧಾರವಾಡದ ಬಸ್ಸು ಬಂತು. ನಾನೂ ಹತ್ತಿ ಹುಡುಗಿಯ ಪಕ್ಕ ಕೂತೆ. ಮುಚ್ಚಿದ ಕಿಟಕಿಯಾಚೆ ನಿಂತ ತಾಯಿ, ಮಗ್ಗದ ಮುಂದೆ ನಿಂತವಳಂತೆ, ತುಟಿಯನ್ನಷ್ಟೇ ಆಡಿಸಿ ಏನೋ ಹೇಳಿದಳು. ಮಗಳು ನಗುತ್ತ ಗೋಣು ಹಾಕಿದಳು. ತಾಯಿ ಸಮಾಧಾನದಿಂದ ಹಿಂದಿರುಗಿ ನಡೆದಳು.

ಬಸ್ಸು ಹೊರಟಿತು. ಹುಡುಗಿ ನನ್ನ ತೋಳು ಹಿಡಿದಳು.

“ಅಕ್ಕಾರ, ನಮ್ಮವ್ವ ಏನಂದ್ಳರಿ?”