ನಾರುವ ಮರ ಮತ್ತು ಅದರ ದಾಯಾದಿ

ಸಭೆಯ ಅಧ್ಯಕ್ಷರೇ, ಇದೀಗ ಸನ್ಮಾನ ಸ್ವೀಕರಿಸಿದ ಹೇಮರಾಜರೇ, ಗಣ್ಯರೇ, ಅಡುಗೆಮನೆಯ ಪರಿಮಳಕ್ಕೂ ಅಲುಗದೆ ಕುಳಿತಿರುವ ಸಭಿಕರೇ,

ಬೆಳ್ತಂಗಡಿಯ ಈ ಸಭಾಭವನದ ಅಂಗಳದಲ್ಲಿ ಎರಡು ಮರಗಳಿವೆ. ಒಂದು ಸೆಲ್ಟಿಸ್ ಟಿಮೊರೆನ್ಸಿಸ್, ಕಡಿದರೆ ನಾರುತ್ತದೆ. ಇನ್ನೊಂದು ಸೆಲ್ಟಿಸ್ ಟೆಟ್ರಾಂಡ್ರಾ, ನಾರುವುದಿಲ್ಲ. ಒಂದೇ ಕುಲ, ಒಂದೇ ಬಗೆಯ ಪುಟ್ಟ ಹಣ್ಣು. ಮೊದಲನೆಯದರ ಎಲೆಯ ಅಂಚು ನುಣುಪು. ಎರಡನೆಯದಕ್ಕೆ ತುದಿಯತ್ತ ಗರಗಸದ ಹಲ್ಲು. ಜಾಗತಿಕ ಪಟ್ಟಿಯಲ್ಲಿ ಎರಡಕ್ಕೂ ಒಂದೇ ದರ್ಜೆ: ಸದ್ಯಕ್ಕೆ ಅಳಿವಿನ ಚಿಂತೆ ಇಲ್ಲ. ಜಗತ್ತಿಗೆ ಚಿಂತೆ ಇಲ್ಲ, ಸರಿ. ಈ ಅಂಗಳಕ್ಕೆ? ಇಲ್ಲಿರುವುದು ತಲಾ ಒಂದೇ ಅಲ್ಲವೇ?

ನನ್ನ ಅಣ್ಣ ನೌಫಲ್ ಮತ್ತು ನಾನು ಹೀಗೆಯೇ ಒಬ್ಬರನ್ನೊಬ್ಬರು ಹೋಲುತ್ತೇವೆ. ವಿಟ್ಲದ ಪೇಟೆಯಲ್ಲಿ ಜನ ನನ್ನನ್ನು ತಡೆದು, “ದುಬೈಯಿಂದ ಯಾವಾಗ ಬಂದದ್ದು?” ಎಂದು ಕೇಳುತ್ತಾರೆ. ನಾನು ಅವನಲ್ಲ ಎಂದು ತಿಳಿದಾಗ ಅವರ ಮುಖ ತುಸು ಇಳಿಯುತ್ತದೆ. ಅದನ್ನು ನಾನು ಗಮನಿಸುವುದಿಲ್ಲ. ಇರಲಿ, ಮರಕ್ಕೆ ಬರುತ್ತೇನೆ.

ಕಳೆದ ವರ್ಷ ಕಾರು ನಿಲ್ಲಿಸಲು ಜಾಗ ಬೇಕಾಯಿತು. ನಾರುವ ಮರ ಹೋಗಲಿ ಎಂದು ಹೇಮರಾಜರೂ ಇರುವ ಭವನದ ಸಮಿತಿ ತೀರ್ಮಾನಿಸಿತು. ಎರಡೂ ಇರಲಿ ಎಂದು ನಾನು ಬೇಡಿಕೊಂಡೆ.

“ನಿಝಾರ್ ಮಾಸ್ಟ್ರೇ, ನಾರುವುದು ಯಾವುದು, ಅಷ್ಟು ಹೇಳಿ ಸಾಕು,” ಎಂದರು ಹೇಮರಾಜರು.

“ಹೇಳುವುದಿಲ್ಲ.”

“ಬೇಡ ಬಿಡಿ. ನಮಗೆ ಮೂಗು ಉಂಟಲ್ಲ ಮಾರಾಯ್ರೆ!”

ಕತ್ತಿ ಬಂತು. ಹೇಮರಾಜರು ಒಂದು ಮರದ ತೊಗಟೆ ಕೆತ್ತಿದರು. ಇಡೀ ಸಮಿತಿ ಹಿಂದೆ ಸರಿಯಿತು. ಖಚಿತವಾಗಲೆಂದು ಅದೇ ಕತ್ತಿಯಿಂದ, ಒರೆಸದೆ, ಇನ್ನೊಂದನ್ನೂ ಕೆತ್ತಿದರು. ಅದೂ ನಾರಿತು.

“ಎರಡೂ ಅದೇ ಜಾತಿ!” ಎಂದರು ಸಮಿತಿಯ ಪ್ರಭಾವತಿಯಮ್ಮ, ಸೆರಗನ್ನು ಮೂಗಿಗೊತ್ತಿ. “ಕೆತ್ತಿದ್ದಕ್ಕೇ ಹೀಗೆ, ಇನ್ನು ಕಡಿದರೆ? ಬರುವ ವಾರ ನಮ್ಮ ಶ್ರೇಯಾಳ ಮದುವೆ ಉಂಟು ಇಲ್ಲಿ!”

“ಒಂದನ್ನೂ ಮುಟ್ಟುವುದು ಬೇಡ,” ಎಂದರು ಹೇಮರಾಜರು. “ಕಾರು ರಸ್ತೆಯಲ್ಲೇ ನಿಲ್ಲಲಿ.”

ನಾರಿದ್ದು ಎರಡನೆಯ ಮರವಲ್ಲ, ಕತ್ತಿ. ವಿಜ್ಞಾನದ ಮೇಷ್ಟ್ರು ಅಲ್ಲೇ ತಿದ್ದಬೇಕಿತ್ತೇ? ಇಂದು ತಿದ್ದುತ್ತಿದ್ದೇನೆ. ‘ವೃಕ್ಷರಕ್ಷಕ’ ಬಿರುದಿಗೆ ಹೇಮರಾಜರ ಹೆಸರು ಸೂಚಿಸಿದವನು ನಾನೇ. ಬಿರುದು ಕೊಟ್ಟಾಯಿತು, ನೀವೆಲ್ಲ ಚಪ್ಪಾಳೆ ತಟ್ಟಿಯಾಯಿತು, ಫೋಟೊ ಕೂಡ ತೆಗೆದಾಯಿತು. ಇನ್ನು ಅವರು ಕತ್ತಿ ಎತ್ತುವ ಹಾಗಿಲ್ಲ.

ಹೇಮರಾಜರು ನಗುತ್ತಿದ್ದಾರೆ, ಅವರಿಗೆ ಮೊದಲ ಕೃತಜ್ಞತೆ. ಕಾರನ್ನು ದೂರದಲ್ಲಿ ಬಿಟ್ಟು ನಡೆದು ಬಂದ ನಿಮಗೆಲ್ಲ ಉಳಿದದ್ದು. ನಮಸ್ಕಾರ.