ಬಲಗೈ ಕೊಟ್ಟ ಜೋಳ

ಧಾರವಾಡದಿಂದ ಹುಬ್ಬಳ್ಳಿಗೆ ಹೊರಟ ಬಸ್ಸಿನಲ್ಲಿ ರಾಜೇಶ್ವರಿಬಾಯಿಯವರ ಮುಂದೆ ಗಂಡ ಹೆಂಡತಿ ಕುಳಿತಿದ್ದರು. ಗಂಡನ ತೊಡೆಯ ಮೇಲೆ ಸತ್ಯವೇದವಿತ್ತು.

"ಎಸ್ತೇರವ್ವನ ಬಾಗಲಿಗೆ ಜೋಳದ ಚೀಲ ಇಟ್ಟಾಂವ ನಿಮ್ಮ ತಮ್ಮ ಅಂತ ಓಣಿ ತುಂಬ ಸುದ್ದಿ ಆಗೇದ್ರಿ," ಎಂದರು ಹೆಂಡತಿ.

"ಅವಾ? ಆ ಚೀಲಾ ಹೊತ್ತು ನನ್ನ ನಡಾ ಹಿಡದದ."

"ಗೊತ್ತದ. ಎಣ್ಣಿ ತಿಕ್ಕಿದಾಕಿ ನಾನ. ಆಕಿ ಪಾಪ, ಅವಗ ಶೇಂಗಾ ಹೋಳಿಗಿ ಮಾಡಿ ಕೊಟ್ಟಾಳ."

"ತಿಂದನ?"

"ತುಪ್ಪಾ ಹಾಕಿಸ್ಕೊಂಡು."

"ಇವತ್ತ ಸಂಜಿ ಸತ್ಯವೇದದ ಪಾಠಕ್ಕ ಎಲ್ಲಾರೂ ಬರತಾರ. ಇಟ್ಟಾಂವ ನಾನ ಅಂತ ಹೇಳಿಬಿಡತೇನಿ."

"ಹೇಳ್ರಿ. ಬಲಗೈ ಕೊಟ್ಟದ್ದು ಎಡಗೈಗೂ ತಿಳೀಬಾರದು ಅನ್ನೋ ಪಾಠ. ನೀವ ಮಾಡವ್ರು. ಅದರ ಕೂಡ ಇದನ್ನೂ ಹೇಳ್ರಿ."

ಗಂಡ ಪುಸ್ತಕ ತೆರೆದು, ಮತ್ತೆ ಮುಚ್ಚಿದರು.

"ಓದೂವಾಗ ಇಷ್ಟ ಕಠಿಣ ಅನಿಸಿರಲಿಲ್ಲ."

ಬೈರಿದೇವರಕೊಪ್ಪ ಬಂತು. ಇಬ್ಬರೂ ಇಳಿದರು. ಕೈಚೀಲ ಇಸಿದುಕೊಳ್ಳಲು ತಮ್ಮನೇ ಬಂದು ನಿಂತಿದ್ದ.

"ಅಣ್ಣಾ, ಆ ಜೋಳ ಯಾರ ಇಟ್ಟಾರೋ ಏನೋ. ನಾ ಅಲ್ಲ ಅಂದರೂ ಎಸ್ತೇರವ್ವ ಕೇಳವಲ್ಲಳು."

ರಾಜೇಶ್ವರಿಬಾಯಿ ಕಿಟಕಿಯಿಂದ ಕುತ್ತಿಗೆ ಹೊರಗೆ ಹಾಕಿದರು. ಈಗ ಹೇಳಿಯೇಬಿಡುತ್ತಾರೆ ಎನ್ನಿಸಿತು. ಅಣ್ಣ ಹೆಂಡತಿಯ ಮುಖ ನೋಡಿ, ಗಂಟಲು ಸರಿಮಾಡಿಕೊಂಡರು.

"ಹೋಳಿಗಿ ಹೆಂಗಿದ್ವು?"

ಅಷ್ಟೇ ಕೇಳಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಮನೆಯ ಕಡೆ ನಡೆದರು.